ಮದ್ರಾಸಿಗೆ ಎಷ್ಟೊತ್ತು?

ಅಂಬಾಜಿದುರ್ಗದ ಬುಡದಲ್ಲಿರುವ ನಮ್ಮವರಿಗೆ ಚೆನ್ನೈ ಈಗಲೂ ಮದ್ರಾಸೇ. ಚಿಕ್ಕಪ್ಪನ ಟೊಮೆಟೊ ಚಿಂತಾಮಣಿ ಮಂಡಿಯಲ್ಲಿ ಸಂಜೆ ಲಾರಿ ಹತ್ತಿದರೆ ಶ್ರೀನಿವಾಸಪುರ, ಮುಳಬಾಗಿಲು, ಚಿತ್ತೂರು ದಾಟಿ ಬೆಳಗಿನ ಜಾವ ಅಲ್ಲಿನ ಕೋಯಂಬೇಡು ಮಾರುಕಟ್ಟೆ ಸೇರುತ್ತದೆ. ಅವರ ಪ್ರಕಾರ ಮದ್ರಾಸೆಂದರೆ ಒಂದು ರಾತ್ರಿ. ಕಿಲೋಮೀಟರಿನ ಗೊಡವೆ ಡ್ರೈವರನದು.

ನಾನು ಕೆಲಸದ ಮೇಲೆ ವಿಮಾನದಲ್ಲಿ ಅಲ್ಲಿಗೆ ಹೋಗಿಬರಲು ಶುರುಮಾಡಿದ ಮೇಲೆ ಅವರದು ಒಂದೇ ಪ್ರಶ್ನೆ: "ಎಷ್ಟೊತ್ತಪ್ಪಾ?"

ದೇವನಹಳ್ಳಿಯ ನಿಲ್ದಾಣದಿಂದ ಚೆನ್ನೈನ ಮೀನಂಬಾಕ್ಕಂ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 270 ಕಿ.ಮೀ. ವಿಮಾನ ಮೇಲೇರಿ ನೆಟ್ಟಗಾಗುವಷ್ಟರಲ್ಲಿ ಇಳಿಯಲು ಶುರು. ಹಾರುವುದು ಮುಕ್ಕಾಲು ಗಂಟೆಯಾದರೂ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮೇಲೆ ಬರೆದಿರುತ್ತದೆ. ಸುಳ್ಳೇನಲ್ಲ. ನಿಂತಲ್ಲಿಂದ ಕದಲಿ, ಅಲ್ಲಿ ಹೋಗಿ ಮತ್ತೆ ನಿಲ್ಲುವವರೆಗಿನ ಹೊತ್ತು ಅದು. ರನ್‌ವೇವರೆಗೆ ತೆವಳಿ ಸರದಿಗೆ ಕಾಯುವುದೂ ಅದರಲ್ಲಿ ಸೇರಿತು. ಮೇಲೆ ಗಾಳಿಯ ಕಾಟ. ವಿಮಾನ ಏರುವುದು ಗಾಳಿಗೆ ಎದುರಾಗಿ, ದೇವನಹಳ್ಳಿಯ ರನ್‌ವೇಗಳೋ ಪೂರ್ವ-ಪಶ್ಚಿಮ. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ, ಮದ್ರಾಸು ಮೂಡಣಕ್ಕಿದ್ದರೂ ಪಡುವಣಕ್ಕೆ ಹಾರಿ ಸುತ್ತಿಕೊಂಡು ಬರಬೇಕು. "ಅವರೂ ಶೂಲೆ ನೋಡ್ತಾರೆ ಅನ್ನು," ಎಂದರು ಚಿಕ್ಕಪ್ಪ.

ಈ ನೇರ ದೂರವನ್ನು ಹಾರದೆಯೇ ಅಳೆದವರಿದ್ದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಪರಂಗಿಮಲೆಯ ಹತ್ತಿರ, ಅಂದರೆ ಇಂದಿನ ಚೆನ್ನೈ ವಿಮಾನ ನಿಲ್ದಾಣದ ಮಗ್ಗುಲಲ್ಲೇ, ನೂರಡಿಯ ಉಕ್ಕಿನ ಸರಪಳಿ ಹಾಸುತ್ತಾ ಏಳೂವರೆ ಮೈಲಿಯ ಒಂದು ಗೆರೆ ಅಳೆದ. ಅಲ್ಲಿಂದ ಮುಂದೆ ಸರಪಳಿ ಬೇಕಾಗಲಿಲ್ಲ. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟಬೆಟ್ಟಕ್ಕೆ ಹೊರಿಸಿ, ಕೋನಗಳನ್ನು ಹಿಡಿದು, ದೂರವನ್ನು ಗಣಿತದಲ್ಲೇ ತೆಗೆಯುತ್ತಾ ಪಶ್ಚಿಮಕ್ಕೆ ಬಂದರು. ಹೊತ್ತ ಕೂಲಿಯವರ ಹೆಸರನ್ನು ಯಾರೂ ನೆನೆಯುವುದಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಸರಪಳಿಯಲ್ಲಿ ಅಳೆದು ತಾಳೆ ನೋಡಿದರೆ ಲೆಕ್ಕಕ್ಕೂ ನೆಲಕ್ಕೂ ನಾಲ್ಕು ಅಂಗುಲವೂ ವ್ಯತ್ಯಾಸವಿಲ್ಲ! ಮಂಗಳೂರು ಮುಟ್ಟುವ ಹೊತ್ತಿಗೆ, ನಕ್ಷೆಗಳಲ್ಲಿ 400 ಮೈಲಿ ಅಗಲವಿದ್ದ ನಮ್ಮ ಪರ್ಯಾಯದ್ವೀಪ 360ಕ್ಕೆ ಇಳಿದಿತ್ತು. ಈಗಿನ ಎರಡೂ ವಿಮಾನ ನಿಲ್ದಾಣಗಳು ಹದಿಮೂರನೇ ಅಕ್ಷಾಂಶದ ಆಸುಪಾಸಿನಲ್ಲೇ ಇವೆ. ಲ್ಯಾಂಬ್ಟನ್ ಬೆಟ್ಟ ಹತ್ತಿ ಇಳಿದ ಸೀಮೆಯ ಮೇಲೆಯೇ ನಾನು ಕಡಲೇಬೀಜ ತಿನ್ನುತ್ತಾ ಹಾರುತ್ತೇನೆ.

"ನಲವತ್ತು ಮೈಲಿ ಕಮ್ಮಿ ಆಯ್ತು ಅಂತ ಬಾಡಿಗೆ ಏನಾದ್ರೂ ಇಳೀತಾ?" ಚಿಕ್ಕಪ್ಪನಿಗೆ ಬೇಕಾದದ್ದು ಅಷ್ಟೇ.

ಆಮೇಲೆ ಅವರೇ ಲೆಕ್ಕ ಹಾಕಿದರು. ದುರ್ಗದಿಂದ ಶಿಡ್ಲಘಟ್ಟ, ವಿಜಯಪುರದ ಮೇಲೆ ದೇವನಹಳ್ಳಿಗೆ ಒಂದೂವರೆ ಗಂಟೆ, ರೇಷ್ಮೆಗೂಡಿನ ಗಾಡಿಗಳು ಅಡ್ಡ ಸಿಕ್ಕರೆ ಇನ್ನೂ ಜಾಸ್ತಿ. ನಿಲ್ದಾಣದವರು ಎರಡು ಗಂಟೆ ಮುಂಚೆ ಬನ್ನಿ ಎನ್ನುತ್ತಾರೆ. ಹಾರಾಟ ಒಂದು ಗಂಟೆ. ಇಳಿದ ಮೇಲೆ ಚೆನ್ನೈ ಟ್ರಾಫಿಕ್ಕು.

"ಇಷ್ಟಕ್ಕೆ ವಿಮಾನ ಯಾಕೋ? ಸಂಜೆ ನಮ್ಮ ಲಾರಿ ಹತ್ತು. ಕ್ಯಾಬಿನ್‌ನಲ್ಲಿ ಮಲಗಿದ್ರೆ ಎದ್ದೇಳೋದೇ ಮದ್ರಾಸಲ್ಲಿ. ಇಳಿಯೋವಾಗ ನಾಲ್ಕು ಕ್ರೇಟ್ ಇಳಿಸಿಕೊಟ್ಟು ಹೋಗು."