ಎಷ್ಟನೆಯದು ಎಂದು ಯಾರನ್ನು ಕೇಳಬಹುದು?

ಪೈಥಾನ್ ಕಲಿಯಲು ಕೂತವರಿಗೆ ಬೇಗನೆ ಎದುರಾಗುವ ಎರರ್‌ಗಳಲ್ಲಿ ಇದೊಂದು: 'ಇಂಟ್ ಆಬ್ಜೆಕ್ಟ್ ಈಸ್ ನಾಟ್ ಸಬ್‌ಸ್ಕ್ರಿಪ್ಟಬಲ್.' ಪೂರ್ಣಾಂಕದ ಪಕ್ಕ ಚೌಕ ಬ್ರ್ಯಾಕೆಟ್ ಹಾಕಿ 'ನಿನ್ನೊಳಗಿನ ಮೊದಲನೆಯದನ್ನು ಕೊಡು' ಎಂದಿರಿ, ಅದು ಕೊಡಲೊಲ್ಲೆ ಎಂದಿತು. ಕಲಿಯುವವರಿಗೆ ಸಿಟ್ಟು ಬರುವುದು ಸಹಜ. ನನಗೆ ಮಾತ್ರ ಆ ನಿರಾಕರಣೆಯ ಮೇಲೆ ಗೌರವ.

ಲಿಸ್ಟು, ಟ್ಯೂಪಲ್, ಸ್ಟ್ರಿಂಗು ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ. ಈ ತುದಿಯಿಂದ ಮೂರನೇ ಎಲೆಗೆ ಪಾಯಸ ಅಂದರೆ ಬಡಿಸುವವರಿಗೆ ಗೊಂದಲವಿಲ್ಲ. ಎಣಿಕೆ ಸೊನ್ನೆಯಿಂದ ಶುರು ಅನ್ನುವುದಷ್ಟೇ ರೂಢಿಯಾಗಬೇಕು. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾದಲ್ಲಾದರೆ ಒಂದರಿಂದಲೇ ಶುರು. ಮೈನಸ್ ಒಂದು ಎಂದರೆ ಕೊನೆಯದು ಎನ್ನುವ ಪೈಥಾನಿನ ಸೌಕರ್ಯ ಒಮ್ಮೆ ಕೈಗೆ ಹತ್ತಿತೆಂದರೆ ಅದಿಲ್ಲದ ಭಾಷೆಗಳಲ್ಲಿ ಕೈ ಕಟ್ಟಿದಂತಾಗುತ್ತದೆ.

ಸೆಟ್ಟಿನ ಸ್ವಭಾವವೇ ಬೇರೆ. 'ಇದು ನಿನ್ನಲ್ಲಿದೆಯೇ?' ಎಂದರೆ ಥಟ್ಟನೆ ಹೇಳುತ್ತದೆ. 'ಮೊದಲನೆಯದು ಯಾವುದು?' ಎಂದರೆ ಎರರ್. ಅದೇ ಪದಗಳ ಸೆಟ್ಟನ್ನು ಇಂದು ಒಮ್ಮೆ, ನಾಳೆ ಒಮ್ಮೆ ಪ್ರಿಂಟ್ ಮಾಡಿದರೆ ಸಾಲು ಬದಲಾಗಿರಬಹುದು. ಇಲ್ಲದ ಕ್ರಮವನ್ನು ಅದು ಹೇಗೆ ತಾನೇ ಹೇಳೀತು? ಡಿಕ್ಷನರಿಗೆ 2018ರ 3.7ನೇ ಆವೃತ್ತಿಯಿಂದ ಕ್ರಮದ ಖಾತ್ರಿ ಸಿಕ್ಕಿದೆ. ಆದರೂ ಬ್ರ್ಯಾಕೆಟ್ಟಿನಲ್ಲಿ ಸೊನ್ನೆ ಹಾಕಿದರೆ ಅದು ಹುಡುಕುವುದು ಸೊನ್ನೆ ಎಂಬ ಕೀಲಿಯನ್ನು, ಮೊದಲ ಸದಸ್ಯನನ್ನಲ್ಲ. ಕೀಲಿಗಳ ಪಟ್ಟಿ ಕೇಳಿ ಅದಕ್ಕೆ ಬ್ರ್ಯಾಕೆಟ್ ಹಚ್ಚುವುದು ಪೈಥಾನ್ 2ರಲ್ಲಿ ನಡೆಯುತ್ತಿತ್ತು. 2008ರಲ್ಲಿ 3 ಬಂದ ಮೇಲೆ ನಡೆಯದು.

ಹಾಗಾದರೆ ಒಳಗೆ ವಸ್ತುಗಳನ್ನು ಸಾಲಾಗಿ ಇಟ್ಟುಕೊಂಡವರಿಗಷ್ಟೇ ಈ ಅಧಿಕಾರವೇ? ಅದೂ ಅಲ್ಲ, ನನಗೆ ಸೋಜಿಗ ಇರುವುದು ಇಲ್ಲೇ. ಸೊನ್ನೆಯಿಂದ ನೂರು ಕೋಟಿಯವರೆಗೆ ಏಳೇಳರ ಹೆಜ್ಜೆಯ ಒಂದು ರೇಂಜ್ ಮಾಡಿ. ಅದರಲ್ಲಿ ಒಂದು ಸಂಖ್ಯೆಯೂ ಕೂಡಿಟ್ಟಿಲ್ಲ. ಆದರೂ ಇಂಡೆಕ್ಸ್ 1000 ಕೊಟ್ಟರೆ ಗುಣಿಸಿ 7000 ಎನ್ನುತ್ತದೆ. ಇರುವುದು ಮುಖ್ಯವಲ್ಲ, ಕೇಳಿದ್ದಕ್ಕೆ ಉತ್ತರಿಸಬಲ್ಲೆ ಎಂಬ ಮಾತು ಮುಖ್ಯ. ನೀವೇ ಬರೆದ ಕ್ಲಾಸಿನಲ್ಲಿ ಎರಡೆರಡು ಅಂಡರ್‌ಸ್ಕೋರ್ ನಡುವೆ ಗೆಟ್‌ಐಟಂ ಎಂಬ ಮೆಥಡ್ ಇಟ್ಟರೆ ಅದೂ ಆ ಮಾತು ಕೊಟ್ಟಂತೆಯೇ. ಜಪಾನಿನ ರೂಬಿಯಲ್ಲಿ ಪೂರ್ಣಾಂಕವೂ ಮಾತು ಕೊಟ್ಟಿದೆ: ಐದಕ್ಕೆ ಬ್ರ್ಯಾಕೆಟ್ ಹಚ್ಚಿ ಸೊನ್ನೆ, ಒಂದು, ಎರಡು ಎಂದು ಕೇಳುತ್ತ ಹೋದರೆ ಅದರ ಬಿಟ್‌ಗಳಾದ 1, 0, 1 ಬರುತ್ತವೆ. ಜಾವಾಸ್ಕ್ರಿಪ್ಟಿನಲ್ಲಿ ಅದೇ ಪ್ರಶ್ನೆಗೆ 'ಅನ್‌ಡಿಫೈನ್ಡ್' ಎಂಬ ತಣ್ಣನೆಯ ಉತ್ತರ. ಇದು ನನಗೆ ಸೇರದು. ತಪ್ಪು ಆದ ಕಡೆ ಸದ್ದು ಮಾಡದೆ ಮುಂದೆಲ್ಲೋ ದೂರದಲ್ಲಿ ಕಾಡುತ್ತದೆ.

ನಮ್ಮ ಲಿಪಿಗೆ ಬಂದರೆ ಮಾತಿನ ತೂಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. 'ಕನ್ನಡ' ಎಂಬ ಸ್ಟ್ರಿಂಗಿಗೆ ಉದ್ದ ಕೇಳಿದರೆ ಪೈಥಾನ್ ಐದು ಎನ್ನುತ್ತದೆ, ನಮಗೆ ಮೂರಕ್ಷರ. ಅದು ಲೆಕ್ಕ ಹಾಕುವುದು ಯೂನಿಕೋಡ್ ಸಂಕೇತಗಳನ್ನು: ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಇಂಡೆಕ್ಸ್ ಎರಡಕ್ಕೆ ಕೈಗೆ ಬರುವುದು ಒಂಟಿ ಹಲಂತ. 'ಮೈಸೂರು' ತಿರುಗಿಸಿ ಬರೆಸಿದರೆ ಕೊನೆಯ ಉಕಾರದ ಕೊಂಬು ಆಸರೆಯ ವ್ಯಂಜನವಿಲ್ಲದೆ ಮುಂದೆ ಬಂದು ನಿಲ್ಲುತ್ತದೆ. ಎರರ್ ಏನೂ ಬರುವುದಿಲ್ಲ, ಅದೇ ಅಪಾಯ. ಪದಬಂಧದ ಆ್ಯಪ್ ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ಒಂದೇ: ಒತ್ತು, ಗುಣಿತಗಳನ್ನೆಲ್ಲ ಅವುಗಳ ಅಕ್ಷರಕ್ಕೆ ಕೂಡಿಸಿ ಮೊದಲು ಒಂದು ಲಿಸ್ಟು ಮಾಡಿಕೊಳ್ಳಿ, ಆಮೇಲೆ ಎಷ್ಟನೆಯದು ಎಂದು ಕೇಳಿ.