ಹೆಸರು ಕೊರೆದ ಪಾತ್ರೆ

ಮದುವೆ ನಿಶ್ಚಯವಾದ ಮಾರನೆಯ ದಿನ ಬೆಂಗಳೂರಿನಿಂದ ತಮ್ಮನ ಮಗಳು ಫೋನು ಮಾಡಿದಳು. "ಅತ್ತೆ, ನನಗೆ ಒಡವೆ ಬೇಡ, ಹೊಸ ಸೀರೆಯೂ ಬೇಡ. ಅಜ್ಜಿಯ ಮದುವೆ ಸೀರೆ ಇದ್ದರೆ ಕೊಡಿ. ಜೊತೆಗೆ ಹೆಸರು ಕೊರೆದ ಹಳೇ ಹಿತ್ತಾಳೆ ಪಾತ್ರೆ ಒಂದು ಹುಡುಕಿಕೊಡಿ. ಹಾಲ್‌ನಲ್ಲಿ ಇಟ್ಟರೆ ಚೆನ್ನಾಗಿರುತ್ತೆ."

ನಾವಿಬ್ಬರು ಅಕ್ಕತಂಗಿಯರು. ಒಬ್ಬಳು ಚಾಮರಾಜನಗರದಲ್ಲಿ, ಇನ್ನೊಬ್ಬಳು ಗುಂಡ್ಲುಪೇಟೆಯಲ್ಲಿ ಸಂಸಾರ ಮಾಡಿಕೊಂಡಿದ್ದೇವೆ. ನಡುವೆ ತೆರಕಣಾಂಬಿಯ ಮೇಲೆ ಸುಮಾರು ಒಂದು ಗಂಟೆಯ ಬಸ್ಸಿನ ದಾರಿ. ಹುಡುಗಿಯ ಮಾತು ಕೇಳಿ ಇಬ್ಬರಿಗೂ ಒಂದೇ ಕ್ಷಣ ನಾಲಿಗೆ ಒಣಗಿತು. ಅವಳು ಕೇಳಿದ ಸೀರೆಯನ್ನು ನಾವೇ ಮಾರಿದ್ದೆವು.

ಅಮ್ಮ ತೀರಿಕೊಂಡ ವರ್ಷದ ಮಾತು. ಅವಳ ಟ್ರಂಕು ತೆಗೆದು ನೋಡಿದಾಗ ಸೀರೆ ಮಡಿಕೆ ಮಡಿಕೆಗೂ ಸೀಳಿತ್ತು. ಮದುವೆಯಾದ ವರ್ಷ ಆಷಾಢದ ತೇರಿಗೆ ಹೊಸ ಜೋಡಿಗಳು ಹೋಗುವುದು ನಮ್ಮ ಚಾಮರಾಜನಗರದ ಪದ್ಧತಿ. ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆಯಲು ಅಮ್ಮ ಅದೇ ಸೀರೆ ಉಟ್ಟು ಹೋಗಿದ್ದಳಂತೆ. ಆ ಕತೆಯನ್ನು ನೂರು ಸಲ ಕೇಳಿದ್ದ ನಾವು, "ಹಳೇ ಜರಿ ಸೀರೆ ತಗೋತೀವೀ" ಎಂದು ಬೀದಿಯಲ್ಲಿ ಕೂಗಿದವನನ್ನು ಒಳಗೆ ಕರೆದೆವು. ಅವನು ಅಂಚನ್ನು ಕಲ್ಲಿಗೆ ಉಜ್ಜಿ ನೋಡಿ, ತೂಗಿ, ದುಡ್ಡು ಎಣಿಸಿಕೊಟ್ಟ. ಆ ದುಡ್ಡಿಗೆ ಏನು ಕೊಂಡೆವು ಎಂಬುದು ಇಂದು ಇಬ್ಬರಿಗೂ ನೆನಪಿಲ್ಲ.

ಆ ಸೀರೆ ಏನಾಯಿತು ಎಂಬುದು ಮಾತ್ರ ಆಮೇಲೆ ತಿಳಿಯಿತು. ಹಳೇ ಜರಿ ಸೀರೆಯನ್ನು ಕೊಳ್ಳುವವರು ಉಡುವುದಕ್ಕೆ ಕೊಳ್ಳುವುದಿಲ್ಲ, ಸುಡುವುದಕ್ಕೆ ಕೊಳ್ಳುತ್ತಾರೆ. ನಿಜವಾದ ಜರಿ ಎಂದರೆ ಬೆಳ್ಳಿಯ ಎಳೆ. ಅದನ್ನು ರೇಷ್ಮೆ ನೂಲಿಗೆ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟಿರುತ್ತಾರೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳಲ್ಲಿ ಈಗಲೂ ಜರಿಯ ಶೇ. 65 ಭಾಗ ಬೆಳ್ಳಿ, ಶೇ. 0.65 ಭಾಗ ಚಿನ್ನ ಎಂದು ಲೆಕ್ಕ ಕೊಡುತ್ತಾರೆ. ಬಟ್ಟೆ ಸುಟ್ಟರೆ ರೇಷ್ಮೆ ಬೂದಿಯಾಗುತ್ತದೆ, ಬೂದಿಯನ್ನು ಕರಗಿಸಿದರೆ ಬೆಳ್ಳಿ ಉಳಿಯುತ್ತದೆ. ಅಮ್ಮನ ಸೀರೆ ಯಾರದೋ ಕಾಲಿನ ಕಿರುಗೆಜ್ಜೆಯಾಗಿರಬಹುದು.

ಇದನ್ನೆಲ್ಲ ಹುಡುಗಿಗೆ ಹೇಳುವ ಧೈರ್ಯ ಬರಲಿಲ್ಲ. "ಹುಡುಕಿ ನೋಡ್ತೀವಿ" ಎಂದು ಫೋನು ಇಟ್ಟೆವು. ಹಾಗೆ ಶುರುವಾಯಿತು ನಮ್ಮ ಹಳೇ ಸಾಮಾನಿನ ವ್ಯಾಪಾರ.

ಬೆಂಗಳೂರಿನಲ್ಲಿ ಈಗ ಹಳೇ ಬಟ್ಟೆ, ಹಳೇ ಪಾತ್ರೆ, ಹಳೇ ಕುರ್ಚಿಗೆಂದೇ ದೀಪ ಹಾಕಿದ ಅಂಗಡಿಗಳಿವೆ. ಒಂದು ಸಲ ಹುಡುಗಿ ನಮ್ಮನ್ನು ಅಂಥ ಒಂದು ಅಂಗಡಿಗೆ ಕರೆದೊಯ್ದಿದ್ದಳು. ನಮ್ಮ ಮನೆಗಳ ಬಚ್ಚಲಲ್ಲಿದ್ದ ಹಂಡೆಯ ಮೇಲೆ ಗಾಜು ಹಾಸಿ ಟೀಪಾಯಿ ಮಾಡಿದ್ದರು. ಚೀಟಿಯಲ್ಲಿದ್ದ ಬೆಲೆ ನೋಡಿ ನಾವು ಕೈ ಹಿಂದಕ್ಕೆ ಕಟ್ಟಿಕೊಂಡೇ ನಡೆದೆವು. ಅಲ್ಲಿ ಅದರ ಹೆಸರು ವಿಂಟೇಜ್. ನಮ್ಮ ಊರುಗಳಲ್ಲಿ ಅದರ ಹೆಸರು ಗುಜರಿ. ಸಾಮಾನು ಒಂದೇ, ಅದರ ಮುಂದೆ ನಿಂತವರು ಬೇರೆ ಬೇರೆ. ಅಲ್ಲಿಗೆ ಹೋಗುವವರು ಕೊಳ್ಳಲು ಹೋಗುತ್ತಾರೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಾರಲು ಬರುತ್ತಾರೆ.

ಮೊದಲು ಸೀರೆ. ನಮ್ಮ ಜಿಲ್ಲೆ ರೇಷ್ಮೆಯ ಸೀಮೆ. ಕೊಳ್ಳೇಗಾಲದ ಮಗ್ಗದ ಸೀರೆಗೆ ಹೆಸರಿದೆ. ಹೊಸ ಸೀರೆಗೆ ಕೊರತೆಯಿಲ್ಲ. ಹಳೆಯದನ್ನು ಕೇಳಿದರೆ ಚಾಮರಾಜನಗರದ ಬಟ್ಟೆ ಅಂಗಡಿಯವರು ನಕ್ಕರು. "ಉಟ್ಟ ಸೀರೆ ಯಾರಮ್ಮ ಅಂಗಡೀಲಿ ಮಾರ್ತಾರೆ?" ನಿಜವೇ. ನಮ್ಮಲ್ಲಿ ಬಟ್ಟೆ ಹಳತಾಗುವುದಕ್ಕೂ ಒಂದು ಕ್ರಮವಿತ್ತು. ನೂಲಿನ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆಂದು ಅದು ಕೂಸಿನ ಜೋಲಿಯಾಗುತ್ತಿತ್ತು, ಬಾಣಂತಿಯ ತಲೆಗೆ ಕಟ್ಟುವ ಬಟ್ಟೆಯಾಗುತ್ತಿತ್ತು, ಕೊನೆಗೆ ಒಲೆಯ ಮೇಲಿನ ಮಸಿಬಟ್ಟೆ. ಅದು ಮನೆಯ ಹೊಸಿಲು ದಾಟುತ್ತಲೇ ಇರಲಿಲ್ಲ.

ಈಗ ದಾಟುತ್ತದೆ. ಬುಟ್ಟಿಯಲ್ಲಿ ಸ್ಟೀಲು, ಪ್ಲಾಸ್ಟಿಕ್ ಹೊತ್ತು ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಬೀದಿಗೆ ಬರುತ್ತಾರೆ. ಅವರಲ್ಲೊಬ್ಬಳನ್ನು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು ಕೇಳಿದೆವು: ಇಷ್ಟು ಬಟ್ಟೆ ಎಲ್ಲಿಗೆ ಹೋಗುತ್ತದೆ? ಅವಳು ಬೆರಳು ಮಡಿಚಿ ಹೇಳಿದಳು. ಚೆನ್ನಾಗಿರುವುದನ್ನು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಸಂತೆಯಲ್ಲಿ ರಾಶಿ ಹಾಕುತ್ತಾರೆ. ಕೂಲಿಗೆ ಹೋಗುವವರು ಕೊಳ್ಳುತ್ತಾರೆ. ಹರಿದ ನೂಲಿನ ಬಟ್ಟೆ ಗ್ಯಾರೇಜಿಗೆ, ಕೈ ಒರೆಸಲು. ಉಳಿದದ್ದು ಲಾರಿ ಹತ್ತುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ದೇಶ ವಿದೇಶದ ಹಳೇ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುವ ಕಾರ್ಖಾನೆಗಳ ಸಾಲೇ ಇದೆ. "ಜರಿ ಸೀರೆ ಸಿಕ್ಕೋದುಂಟಾ?" ಎಂದರೆ ಅವಳು ನಮ್ಮ ಮುಖ ನೋಡಿದಳು. "ಸಿಕ್ಕುದ್ರೆ ನಿಮ್ಗ್ಯಾಕವ್ವ ಕೊಡ್ಲಿ, ಅದು ಬೆಳ್ಳಿ ಅಲ್ವಾ?"

ಸೀರೆಯ ಆಸೆ ಅಲ್ಲಿಗೆ ಬಿಟ್ಟೆವು. ಪಾತ್ರೆಯಾದರೂ ಸಿಗಲಿ ಎಂದು ಗುಂಡ್ಲುಪೇಟೆಗೆ ಹೊರಟೆವು.

ಗುಂಡ್ಲುಪೇಟೆ ಮೂರು ಸೀಮೆ ಕೂಡುವ ಊರು. ಮೈಸೂರಿನಿಂದ ಬರುವ ದಾರಿ ಇಲ್ಲಿ ಕವಲೊಡೆದು ಒಂದು ವಯನಾಡಿನ ಕಡೆಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ ಹೋಗುತ್ತದೆ. 2009ರಿಂದ ಕಾಡಿನೊಳಗಿನ ರಾತ್ರಿ ಸಂಚಾರಕ್ಕೆ ತಡೆ ಬಂದ ಮೇಲೆ ಸಂಜೆ ಹೊತ್ತಾದವರು ಇಲ್ಲೇ ನಿಲ್ಲಬೇಕು. ನಿಂತವರು ಸುಮ್ಮನಿರುತ್ತಾರೆಯೇ? ಅಂಗಡಿ ಸುತ್ತುತ್ತಾರೆ. ಹೀಗಾಗಿ ಇಲ್ಲಿನ ಗುಜರಿಯವರಿಗೆ ಯಾವ ಪಾತ್ರೆ ಕರಗಿಸಲು, ಯಾವುದು ಕಾರಿನವರಿಗೆ ಎಂಬ ಲೆಕ್ಕ ಚೆನ್ನಾಗಿ ಗೊತ್ತು.

ತಂಗಿಯ ಮನೆಗೆ ಹತ್ತಿರದ ಅಂಗಡಿಯೊಂದಿದೆ. ತಗಡಿನ ಮಾಡು, ಹೊರಗೆ ಮುರಿದ ಸೈಕಲ್ಲು, ಪಂಪ್‌ಸೆಟ್ಟಿನ ಪೈಪು, ಬಿಯರ್ ಬಾಟಲಿಗಳ ಗೋಣಿ. ಅಂಗಡಿಯ ಸಾಬರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ತಂದೆ ಊರೂರು ತಿರುಗಿ ಕಲಾಯಿ ಹಾಕುತ್ತಿದ್ದರಂತೆ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಏರುತ್ತದೆ, ಅದಕ್ಕೆ ಒಳಗೆ ತವರದ ಲೇಪ ಬೇಕು. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಕರಗಿಸಿ ಬಟ್ಟೆಯಿಂದ ಒಂದೇ ಬೀಸಿಗೆ ಒರೆಸಿದರೆ ಪಾತ್ರೆಯ ಒಳಗು ಬೆಳ್ಳಿಯಂತೆ ಹೊಳೆಯುತ್ತಿತ್ತು. ನಾವು ಚಿಕ್ಕವರಿದ್ದಾಗ ಆ ಹೊಗೆಯ ವಾಸನೆಗೆ ಓಡಿಬಂದು ಸುತ್ತ ಕೂರುತ್ತಿದ್ದೆವು. ಸ್ಟೀಲು ಬಂತು, ಕಲಾಯಿ ಬೇಡವಾಯಿತು. ಹೆಂಗಸರು ಹುಣಸೆಹಣ್ಣು ಹಾಕಿ ತಿಕ್ಕುವ ಕಷ್ಟದಿಂದ ಪಾರಾದರು. ಅದು ಸಣ್ಣ ಬಿಡುಗಡೆಯಲ್ಲ. ಹಳೆಯದೆಲ್ಲ ಚೆನ್ನ ಎಂದು ಹಾಡುವವರು ಹಂಡೆ ತಿಕ್ಕಿದವರಲ್ಲ. "ಅಪ್ಪ ಪಾತ್ರೆ ಉಳಿಸ್ತಿದ್ರು, ನಾನು ಒಡೀತೀನಿ" ಎಂದರು ಸಾಬರು ನಗುತ್ತಾ.

ಒಳಗೆ ಕರೆದು ತೋರಿಸಿದರು. ಬೋಸಿ, ತಪ್ಪಲೆ, ಚೊಂಬು, ಗಂಗಾಳ, ಶ್ಯಾವಿಗೆ ಒತ್ತು, ಲಾಟೀನು. ಬೆರಳಿನಿಂದ ತಟ್ಟಿ ನೋಡುವುದನ್ನು ಕಲಿಸಿದರು: ಹಿತ್ತಾಳೆ ಗುಟುಕು ದನಿಯಲ್ಲಿ ನಿಲ್ಲುತ್ತದೆ, ಕಂಚು ಗಂಟೆಯಂತೆ ಎಳೆಯುತ್ತದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಮೂಲೆಯಲ್ಲಿ ಒಂಟಿ ಕಂಸಾಳೆ ಇತ್ತು. ಬಟ್ಟಲಿನಂಥ ತಾಳ ಮಾತ್ರ, ಮೇಲಿನಿಂದ ಹೊಡೆಯುವ ಚಪ್ಪಟೆ ತಾಳ ಇಲ್ಲ. ಮಲೆ ಮಾದೇಶ್ವರನ ಕತೆ ಹಾಡುವ ದೇವರಗುಡ್ಡರ ಕೈಯ ವಸ್ತು ಅದು. "ಇದು ತೂಕಕ್ಕಿಲ್ಲ" ಎಂದು ಸಾಬರು ಅದನ್ನು ಪಕ್ಕಕ್ಕೆ ಸರಿಸಿದರು. "ಯಾರಾದ್ರೂ ಹಾಡೋರು ಬಂದ್ರೆ ಕೊಡ್ತೀನಿ."

ನಿಜಕ್ಕೂ ಪ್ರಾಚೀನ ಎನ್ನುವ ವಸ್ತು ಅಲ್ಲಿರಲಿಲ್ಲ. ಅದರ ಕಾನೂನೇ ಬೇರೆ. 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕಲಾವಸ್ತುಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚೀನ ವಸ್ತುಗಳು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಸಾಬರು ಒಂದೇ ಮಾತಿನಲ್ಲಿ ಮುಗಿಸಿದರು: "ದೇವ್ರು, ನಾಣ್ಯ, ಕತ್ತಿ ತಂದ್ರೆ ಮುಟ್ಟಲ್ಲಮ್ಮ." ಅಮ್ಮಂದಿರ ಅಡುಗೆಮನೆಗೆ ಮಾತ್ರ ಯಾವ ಕಾಯ್ದೆಯೂ ಇಲ್ಲ.

ಆಗ ಕಣ್ಣಿಗೆ ಬಿತ್ತು ಆ ಹಿತ್ತಾಳೆಯ ಕೊಳಗ. ದಪ್ಪ ಕಂಠ, ಎರಡು ಬಳೆ, ನುಣುಪಾದ ತಳ. ಹುಡುಗಿ ಕೇಳಿದ್ದಂಥದ್ದೇ. ಚೌಕಾಸಿ ಶುರು ಮಾಡಿದೆವು. ಅವರು ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆವು, ಅವರು ತಲೆ ಅಲ್ಲಾಡಿಸಿದರು, ನಾವು ಎದ್ದು ಹೊರಟವರಂತೆ ಮಾಡಿದೆವು. ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲದ ವಿದ್ಯೆ ಅದು. ತಿರುಗಿಸಿ ನೋಡುವಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು. ಒಬ್ಬ ಹೆಣ್ಣುಮಗಳ ಹೆಸರು, ಊರ ಹೆಸರು. ಊರು ತೆರಕಣಾಂಬಿಯ ಆಚೆ, ನಾವು ಬಸ್ಸಿನಲ್ಲಿ ದಾಟಿ ಬಂದದ್ದೇ. ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ.

ತವರಿನವರು ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವುದು ಚೆಂದಕ್ಕಲ್ಲ. ಮದುವೆ, ಹಬ್ಬಕ್ಕೆ ಬೀದಿಯ ಪಾತ್ರೆಗಳೆಲ್ಲ ಒಂದೇ ಕಡೆ ಸೇರುತ್ತಿದ್ದವು. ಮರಳಿ ಯಾರ ಮನೆಯದು ಯಾವುದೆಂದು ತಿಳಿಯಬೇಕಲ್ಲ? ಹೊಲಕ್ಕೆ, ಮನೆಗೆ, ದನಕ್ಕೆ ಗಂಡಸರ ಹೆಸರು. ಎಷ್ಟೋ ಹೆಂಗಸರಿಗೆ ತಮ್ಮ ಹೆಸರು ಬರೆದಿದ್ದ ಒಂದೇ ಆಸ್ತಿಯೆಂದರೆ ಅಡುಗೆಮನೆಯ ಪಾತ್ರೆ.

"ಇದನ್ನು ಯಾರು ತಂದರು ಸಾಬ್ರೇ?" ಎಂದೆವು.

"ಅವರೇ ತಂದ್ರು ಕನಮ್ಮ. ಬೋರು ಬತ್ತೋಗಿತ್ತು, ಮೊಮ್ಮಗೂಗೆ ಆಸ್ಪತ್ರೆ. ಹೆಸರು ಇರೋ ಪಾತ್ರೆ ಬಂದ್ರೆ ನಾನು ಮೂರು ತಿಂಗ್ಳು ಮುಟ್ಟಲ್ಲ. ವಾಪಸ್ ಬಂದ್ರೆ ಅದೇ ತೂಕದ ದುಡ್ಡಿಗೆ ಕೊಟ್ಬುಡ್ತೀನಿ. ಇದಕ್ಕಿನ್ನೂ ಒಂದೂವರೆ ತಿಂಗ್ಳು ಅದೆ. ಹುಡುಗ ತಪ್ಪಿ ಈಚೆ ಇಟ್ಟವನೆ. ನಾನೂ ನೋಡ್ದೆ ಬೆಲೆ ಹೇಳ್ಬುಟ್ಟೆ."

"ಎಷ್ಟು ಜನ ವಾಪಸ್ ಬರುತ್ತಾರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಬ್ರೋ ಇಬ್ರೋ. ಆದ್ರೂ ಕಾಯ್ಬೇಕಲ್ವಾ?"

ಅರ್ಧ ಬೆಲೆಗೆ ಕೇಳಿದ ನಮ್ಮ ಬಾಯಿ ತಾನಾಗಿಯೇ ಮುಚ್ಚಿತು. ಆ ಕೊಳಗದ ಬೆಲೆ ಇಳಿಸುವಾಗ ನಾವು ಸಾಬರೊಡನೆ ಚೌಕಾಸಿ ಮಾಡುತ್ತಿರಲಿಲ್ಲ, ಬತ್ತಿದ ಬೋರಿನೊಡನೆ ಮಾಡುತ್ತಿದ್ದೆವು. ಯಾರದೋ ಕಷ್ಟದ ದಿನ ನಮ್ಮ ಹುಡುಗಿಯ ಹಾಲ್‌ಗೆ ಅಲಂಕಾರವಾಗುವುದರಲ್ಲಿತ್ತು. ಹಾಗೆಂದು ಕೊಳ್ಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಕೊಳ್ಳುವವರಿಲ್ಲದಿದ್ದರೆ ಪಾತ್ರೆ ಕುಲುಮೆಗೆ ಹೋಗುತ್ತದೆ. ಮಾರುವವರಿಗೆ ಸಿಗುವುದೂ ಕಡಿಮೆಯಾಗುತ್ತದೆ. ಆದರೆ ನಮ್ಮ ಸೀಮೆಯಲ್ಲಿ ತೂಕಕ್ಕೆ ಹೋದ ವಸ್ತು ಕೊಚ್ಚಿಯ ಮಟ್ಟಾಂಚೇರಿಯಲ್ಲೋ ಬೆಂಗಳೂರಿನಲ್ಲೋ ಹತ್ತು ಪಟ್ಟು ಬೆಲೆಗೆ ನಿಂತಾಗ, ಆ ಒಂಬತ್ತು ಪಟ್ಟಿನಲ್ಲಿ ಹೆಸರು ಕೊರೆಸಿದವಳಿಗೆ ಒಂದು ಕಾಸೂ ಬರುವುದಿಲ್ಲ. ಅಷ್ಟಾದರೂ ನೆನಪಿರಬೇಡವೇ?

ಬರಿಗೈಯಲ್ಲಿ ಹೊರಟ ನಮಗೆ ಸಾಬರು ಬಾಗಿಲಲ್ಲಿ ಹೇಳಿದರು: "ಮೊದ್ಲು ನಿಮ್ಮನೇಲಿ ನೋಡ್ಕಳಿ ಅಮ್ಮಾ. ಎಲ್ಲಾರೂ ಇಲ್ಲಿಗ್ ಬತ್ತಾರೆ, ಮನೇಲಿ ನೋಡಿರಲ್ಲ."

ಅಟ್ಟ ಹತ್ತಿದೆವು, ಟ್ರಂಕು ತೆಗೆದೆವು. ಏನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಚಾಮರಾಜನಗರದ ಮನೆಯ ಅಕ್ಕಿ ಡಬ್ಬದೊಳಗೆ. ದಿನಾ ಎರಡು ಹೊತ್ತು ಅಕ್ಕಿ ಅಳೆಯುವ ಹಿತ್ತಾಳೆಯ ಪಾವು. ಬೆಳಕಿಗೆ ಹಿಡಿದರೆ ಪಕ್ಕದಲ್ಲಿ ಚುಕ್ಕಿಗಳು. ಅಮ್ಮನ ಹೆಸರಿನ ಮೊದಲ ಎರಡು ಅಕ್ಷರ ಇದ್ದವು, ಉಳಿದವು ತಿಕ್ಕಿ ತಿಕ್ಕಿ ಅಳಿಸಿದ್ದವು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದೆವು, ಓದಿರಲಿಲ್ಲ.

ಹುಡುಗಿ ಬಂದಾಗ ಸೀರೆಯ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವಳು ಬೈಯಲಿಲ್ಲ, ಅತ್ತಳು. ಅದು ಬೈದದ್ದಕ್ಕಿಂತ ಕಷ್ಟವಾಯಿತು. ಚಾಮರಾಜೇಶ್ವರನ ಹಳೆಯ ತೇರಿಗೆ 2017ರಲ್ಲಿ ಬೆಂಕಿ ಬಿದ್ದು, ಐದು ವರ್ಷ ಉತ್ಸವವೇ ನಿಂತು, 2022ರಲ್ಲಿ ಹೊಸ ತೇರು ಎಳೆದಾಗ ಊರೆಲ್ಲ ನೆರೆದಿತ್ತು. ತೇರನ್ನು ಮತ್ತೆ ಕಟ್ಟಬಹುದು. ಸೀರೆಯನ್ನು ಹಾಗೆ ಮತ್ತೆ ಮಾಡಲಾಗದು. ಪಾವನ್ನು ಅವಳ ಕೈಗೆ ಕೊಟ್ಟೆವು. "ಅರ್ಧ ಹೆಸರು ಹೋಗಿದೆಯಲ್ಲ ಅತ್ತೆ, ಮತ್ತೆ ಕೊರೆಸಲಾ?" ಎಂದಳು. ಬೇಡ ಎಂದೆವು. ಅಳಿಸಿದವಳೂ ಅಜ್ಜಿಯೇ. ಈಗ ಅದು ಬೆಂಗಳೂರಿನಲ್ಲಿ ಅಕ್ಕಿ ಅಳೆಯುತ್ತಿದೆ, ಹಾಲ್‌ನಲ್ಲಿಲ್ಲ.

ಕೊಳಗದ ಗಡುವು ಮುಗಿದು ಕೆಲವು ದಿನಗಳಾದವು. ಮೊನ್ನೆ ಅಂಗಡಿಯ ಮುಂದೆ ಹಾದುಹೋಗುವಾಗ ವಿಚಾರಿಸಿದೆವು. ಆಕೆ ಬಂದಿಲ್ಲ. ಸಾಬರು ಕೊಳಗವನ್ನು ಇನ್ನೂ ಮೇಲಿನ ಹಲಗೆಯಲ್ಲೇ ಬೋರಲು ಹಾಕಿಟ್ಟಿದ್ದಾರೆ. "ಯುಗಾದಿ ಕಳೀಲಿ ಬುಡಿ, ನೋಡಾನ" ಎಂದರು.