ಸೂಪರ್ ಮಾರ್ಕೆಟ್ ಗೋಡೆಯ ಮೇಲಿನ ಗೆರೆ

ಕಲಬುರಗಿಗೆ ಬಂದವರು ಸೂಪರ್ ಮಾರ್ಕೆಟ್‌ಗೆ ಕಾಲಿಡದೆ ಊರಿಗೆ ಮರಳುವುದುಂಟೇ? ನಗರ ಸಾರಿಗೆ ಬಸ್ಸುಗಳು ಬಂದು ನಿಲ್ಲುವುದು ಅಲ್ಲಿಯೇ. ಬಟ್ಟೆ, ಪಾತ್ರೆ, ಬಳೆ, ಚಪ್ಪಲಿ, ಮದುವೆಯ ಸಾಮಾನು, ರಮಝಾನಿನ ಖರ್ಜೂರ ಎಲ್ಲವೂ ಅಲ್ಲಿ ಸಿಗುತ್ತವೆ. ನೀವು ಮೇ ತಿಂಗಳಲ್ಲಿ ಬಂದಿದ್ದರೆ ನಿಮಗೆ ನೆನಪಿರುವುದು ನಲವತ್ತು ಡಿಗ್ರಿ ದಾಟಿದ ಬಿಸಿಲು ಮತ್ತು ಕಬ್ಬಿನ ಹಾಲಿನ ಗಾಡಿ. ಈ ಊರಿನಲ್ಲಿ ನೀರು ನುಗ್ಗಿ ಅಂಗಡಿ ಹಾಳಾಯಿತೆಂದರೆ ನೀವು ನಂಬಲಿಕ್ಕಿಲ್ಲ. ಹಲವು ವರ್ಷ ನಾನೂ ಹಾಗೆಯೇ ಇದ್ದೆ. ಇದು ಬರಗಾಲದ ಸೀಮೆ, ಇಲ್ಲಿ ಮಳೆ ಬಂದರೆ ಅದು ಬರೀ ರಹ್ಮತ್ ಎಂಬುದು ನಮ್ಮೆಲ್ಲರ ತಿಳುವಳಿಕೆ.

2025ರ ಮಳೆಗಾಲ ಕಳೆದ ಮೇಲೆ ಒಂದು ದಿನ ಮಗಳ ಸಮವಸ್ತ್ರದ ಬಟ್ಟೆಗಾಗಿ ಪರಿಚಯದ ಅಂಗಡಿಗೆ ಹೋಗಿದ್ದೆ. ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಒಂದು ಮೂಲೆಯಲ್ಲಿ ಮಾತ್ರ ಗೇಣಗಲ ಜಾಗ ಹಾಗೆಯೇ ಬಿಟ್ಟಿದ್ದರು. ಅಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ.

“ಇದ್ಯಾಕ ಬಿಟ್ಟೀರಿ ಭಾಯ್?”

“ಅದು 2020ರ ಅಕ್ಟೋಬರಿನ ನೀರು, ಮೌಲಾನಾ. ಅಳಿಸಿದ್ರ ನಾನೇ ಮರೀತೀನಿ.”

ಅವರು ಚಹಾ ತರಿಸಿ ಕಥೆ ಹೇಳಿದರು. ರಾತ್ರಿಯಿಡೀ ಮಳೆ. ಬೆಳಿಗ್ಗೆ ಬಂದು ಶಟರ್ ಎತ್ತಿದರೆ ಕೆಳಗಿನ ಸಾಲಿನ ಬಟ್ಟೆಯೆಲ್ಲ ಕೆಸರು. ಅದಕ್ಕಿಂತ ದೊಡ್ಡ ನಷ್ಟ ಹಿಂದಿನ ಗಲ್ಲಿಯ ಗೋದಾಮಿನಲ್ಲಿ. ಅದು ರಸ್ತೆಗಿಂತ ತಗ್ಗಿನಲ್ಲಿತ್ತು. ಹಬ್ಬದ ವ್ಯಾಪಾರಕ್ಕೆಂದು ತರಿಸಿದ್ದ ಗಂಟುಗಳು ಬಿಚ್ಚುವ ಮೊದಲೇ ನೀರು ಕುಡಿದಿದ್ದವು. ಬ್ಯಾಂಕ್ ಸಾಲಕ್ಕಾಗಿ ಮಾಡಿಸಿದ ವಿಮೆ ಇತ್ತು. ಅಂಗಡಿಯ ಸರಕಿಗೆ ಅಷ್ಟಿಷ್ಟು ಹಣವೂ ಬಂತು. ಗೋದಾಮಿಗೆ ಒಂದು ಪೈಸೆ ಬರಲಿಲ್ಲ. ಕಾರಣ, ಪಾಲಿಸಿಯಲ್ಲಿ ಇದ್ದದ್ದು ಅಂಗಡಿಯ ವಿಳಾಸ ಮಾತ್ರ! ಮಗಳ ಮದುವೆಗೆ ಕೂಡಿಟ್ಟ ದುಡ್ಡು ಸಾಲಕ್ಕೆ ಹೋಯಿತು. ಮದುವೆ ಒಂದು ವರ್ಷ ಮುಂದೆ ಹೋಯಿತು.

“ಕಂತು ನಾನೇ ಕಟ್ಟೀನಿ. ಕಾಗದ ಮಾತ್ರ ಒಮ್ಮಿನೂ ಓದಿಲ್ಲ” ಎಂದರು.

ಪ್ರಿಯ ಓದುಗರೇ, ಆ ಮಾತು ನನ್ನನ್ನು ಬಿಡಲಿಲ್ಲ. ಈ ಸೀಮೆಯ ನೀರಿನ ಇತಿಹಾಸವನ್ನು ಓದತೊಡಗಿದೆ. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಈ ನಗರದ ಕೋಟೆಯ ಸುತ್ತ ಇಂದಿಗೂ ಕಂದಕವಿದೆ. ಶರಣಬಸವೇಶ್ವರ ಗುಡಿಯ ಬಳಿ ಕೆರೆಯಿದೆ. ಹಿಂದಿನವರು ನೀರಿಗೆ ಒಂದು ಜಾಗ ಬಿಟ್ಟಿದ್ದರು. ನಾವು ಅಂಗಳಕ್ಕೂ ಗಲ್ಲಿಗೂ ಸಿಮೆಂಟ್ ಹಾಕಿ, ಚರಂಡಿಗೆ ಪ್ಲಾಸ್ಟಿಕ್ ತುಂಬಿದೆವು. ಊರಿನ ಹೊರಗಿರುವುದು ಕಪ್ಪು ಎರೆ ಮಣ್ಣು. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ. ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿ, ಮೇಲಿನ ನೀರನ್ನು ಬೇಗನೆ ಒಳಗೆ ಬಿಡುವುದಿಲ್ಲ.

ಇನ್ನು ವರ್ಷಗಳನ್ನು ನೋಡಿ. ಈ ಜಿಲ್ಲೆ ನಿಜಾಮರ ಆಡಳಿತದಲ್ಲಿದ್ದಾಗ, 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರಕಾರ ವಿಶ್ವೇಶ್ವರಯ್ಯನವರ ಸಲಹೆ ಪಡೆಯಿತು. ಅದರ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಎದ್ದವು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಸುರಿಯಿತು. ಮೇಲಿನಿಂದ ಮಹಾರಾಷ್ಟ್ರದ ಜಲಾಶಯಗಳ ನೀರೂ ಸೇರಿ ಭೀಮೆ ಹಳ್ಳಿಗಳಿಗೆ ನುಗ್ಗಿದಳು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ಉಕ್ಕಿದಳು.

ಈ ನಾಲ್ಕರಲ್ಲೂ ಒಂದು ಸಮಾನ ಅಂಶವಿದೆ, ಗಮನಿಸಿದಿರಾ? ಎಲ್ಲವೂ ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ ಬಂದವು. ಆಗ ಕೆರೆ, ಜಲಾಶಯ ತುಂಬಿರುತ್ತವೆ, ಮಣ್ಣು ನೆನೆದಿರುತ್ತದೆ. ಜನರು ಮಾತ್ರ ಛತ್ರಿ ಮಡಚಿ ಒಳಗಿಟ್ಟಿರುತ್ತಾರೆ.

ನಗರದ ಕಥೆ ಹೀಗಾದರೆ ಹೊಲದ ಕಥೆ ಹೇಗೋ ಎಂದುಕೊಂಡು, ಮುಂದಿನ ರವಿವಾರ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿದೆ. ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರೆಯ ನೀರು ಶಾಂತವಾಗಿ ಹರಡಿಕೊಂಡಿತ್ತು. ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರದಲ್ಲಿ ಇಳಿದೆ. 2018ರಲ್ಲಿ ತಾಲೂಕು ಕೇಂದ್ರವಾದ ಈ ಊರು ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಆ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ರಸ್ತೆ ಬದಿಯಲ್ಲಿ ಹಣ್ಣಿಟ್ಟುಕೊಂಡು ಕುಳಿತಿದ್ದ ಅಜ್ಜಿಯಲ್ಲಿ ಒಂದು ಡಜನ್ ಕೊಂಡು, “ಬೆಳಿ ಹ್ಯಾಂಗದ ಅವ್ವ?” ಎಂದು ಕೇಳಿದೆ.

“ಮಳಿ ಬಂದ್ರ ಬೆಳಿ ಬರ್ತದ ಅಂತೀವಿ. ಈ ಸಲ ಮಳಿನೇ ಬೆಳಿ ತಿಂದದ ನೋಡ್ರಿ ಮಾಸ್ತರ್. ಮೂರು ಎಕರೆ ತೊಗರಿ. ನೀರಾಗ ನಿಂತು ಬುಡ ಕೊಳೀತು.”

ಅವರ ಮಗ ಬೆಳೆ ವಿಮೆ ಕಟ್ಟಿದ್ದ. ಹೊಲದಲ್ಲಿ ನೀರು ನಿಂತ ಮರುದಿನವೇ ಫೋನ್ ಮಾಡಿ ದೂರು ಬರೆಸಿದ್ದ. ಪಕ್ಕದ ಹೊಲದವನೂ ಕಂತು ಕಟ್ಟಿದ್ದವನೇ. ಅವನು ನೀರು ಇಳಿಯಲಿ ಎಂದು ವಾರ ಕಾದ. ಆಗ ಹೊತ್ತು ಮೀರಿತ್ತು.

ಇದನ್ನು ನೀವು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳಿಗೆ ರೈತನ ಕಂತು ವಿಮಾ ಮೊತ್ತದ ಶೇ. 2 ಮಾತ್ರ, ತೋಟಗಾರಿಕೆ ಬೆಳೆಗೆ ಶೇ. 5. ಇಡೀ ಪಂಚಾಯತಿಯ ಇಳುವರಿ ಕುಸಿದರೆ ಲೆಕ್ಕವನ್ನು ಅವರೇ ಹಾಕುತ್ತಾರೆ. ನಿಮ್ಮ ಒಬ್ಬರ ಹೊಲದಲ್ಲಿ ನೀರು ನಿಂತು ನಷ್ಟವಾದರೆ 72 ಗಂಟೆಗಳ ಒಳಗೆ ತಿಳಿಸಲೇಬೇಕು. ಸಹಾಯವಾಣಿ ಸಂಖ್ಯೆ 14447. ಸರಕಾರದ ಪರಿಹಾರ ಬೇರೆ, ವಿಮೆ ಬೇರೆ. 2025ರ ನೆರೆಯ ನಂತರ ರಾಜ್ಯ ಸರಕಾರ ಹೆಕ್ಟೇರಿಗೆ 8,500 ರೂ. ಹೆಚ್ಚುವರಿ ಸೇರಿಸಿ, ಮಳೆಯಾಶ್ರಿತ ಬೆಳೆಗೆ ಒಟ್ಟು 17,000 ರೂ. ಘೋಷಿಸಿತು. ಅದು ಕೈಹಿಡಿಯುವ ನೆರವು, ಆದರೆ ಬೆಳೆಯ ಬೆಲೆಗೆ ಸಮನಲ್ಲ.

ಪೇಟೆಯವರಿಗೂ ಒಂದು ಮಾತು. ಮನೆಗೆ ‘ಭಾರತ್ ಗೃಹ ರಕ್ಷಾ’, ಸಣ್ಣ ಅಂಗಡಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಏಕರೂಪದ ಪಾಲಿಸಿಗಳು 2021ರ ಏಪ್ರಿಲ್‌ನಿಂದ ಇವೆ. ಇವುಗಳಲ್ಲಿ ನೆರೆಯೂ ಸೇರಿದೆ. ಆದರೆ ಸರಕು ಎಲ್ಲೆಲ್ಲಿದೆಯೋ ಆ ಪ್ರತಿ ವಿಳಾಸವೂ ಕಾಗದದಲ್ಲಿರಬೇಕು. ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನೀರಿಗೆ ಕೆಟ್ಟ ನಿಮ್ಮ ಗಾಡಿಗೆ ಏನೂ ಸಿಗದು. ನೀರಿನಲ್ಲಿ ಮುಳುಗಿದ ಗಾಡಿಯನ್ನು ಒಣಗುವ ಮೊದಲೇ ಸ್ಟಾರ್ಟ್ ಮಾಡಿ ಇಂಜಿನ್ ಕೆಡಿಸಿಕೊಳ್ಳಬೇಡಿ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ವಿಮೆ ಧರ್ಮಸಮ್ಮತವೇ? ಪ್ರಶ್ನೆ ಸಣ್ಣದಲ್ಲ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ, ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಪರಸ್ಪರ ಸಹಕಾರದ ವಿಮೆಯನ್ನು ಬದಲಿಯಾಗಿ ಸೂಚಿಸಿತು. ಮಲೇಶಿಯಾ 1984ರಲ್ಲೇ ಇಂಥ ‘ತಕಾಫುಲ್’ಗೆ ಕಾನೂನು ಮಾಡಿತ್ತು. ನಮ್ಮ ದೇಶದ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ನಿಮ್ಮೂರಿನ ಆಲಿಮರಲ್ಲಿ ಕೇಳಿ. ಆದರೆ ಕೇಳದೆಯೇ ಕೈಕಟ್ಟಿ ಕುಳಿತು ಅದಕ್ಕೆ ತವಕ್ಕುಲ್ ಎಂಬ ಹೆಸರು ಕೊಡಬೇಡಿ. ಒಂಟೆಯನ್ನು ಕಟ್ಟದೆ ಬಿಟ್ಟವನಿಗೆ ಪ್ರವಾದಿ(ಸ)ಯವರು ಹೇಳಿದ ಬುದ್ಧಿಮಾತು ನಮಗೆಲ್ಲ ಗೊತ್ತೇ ಇದೆ. ವಿಮೆ ಬೇಡವೆನ್ನುವ ಮೊಹಲ್ಲಾ ತಿಂಗಳಿಗೆ ಇಷ್ಟೆಂದು ಕೂಡಿಸಿ ಒಂದು ಆಪತ್ ನಿಧಿಯನ್ನಾದರೂ ಮಾಡಲಿ. ಅದೂ ಇಲ್ಲ, ಇದೂ ಇಲ್ಲ ಎಂದರೆ ನೀರು ಬಂದ ದಿನ ಮನೆಯ ಹೆಂಗಸರ ಬಳೆಗಳೇ ಅಡವಿಗೆ ಹೋಗುತ್ತವೆ.

ಕಮಲಾಪುರದಿಂದ ಮರಳುವಾಗ ಸಂಜೆಯಾಗಿತ್ತು. ಅಜ್ಜಿಯ ಹಣ್ಣಿನಲ್ಲಿ ಅರ್ಧವನ್ನು ಬಟ್ಟೆ ಅಂಗಡಿಗೆ ಕೊಟ್ಟೆ. ಕೆಳಗಿನ ಹಲಗೆ ಈಗ ಆ ಗೆರೆಗಿಂತ ಒಂದು ಮೊಳ ಮೇಲಿರುವುದನ್ನು ಆಗಲೇ ಗಮನಿಸಿದ್ದು. “ಈ ವರ್ಷದ ಪಾಲಿಸಿ ತೆಗೀರಿ, ಓದೋಣ” ಎಂದೆ. ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದ ನನಗೂ ಆ ಇಂಗ್ಲಿಷ್ ಸುಲಭವಿರಲಿಲ್ಲ. ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಎರಡನೇ ಪುಟದಲ್ಲಿ ಗೋದಾಮಿನ ವಿಳಾಸ ಇತ್ತು. ಅವರು ಅದರ ಮೇಲೆ ಬೆರಳಿಟ್ಟು, “ಅಲ್‌ಹಮ್ದುಲಿಲ್ಲಾಹ್” ಎಂದರು.

ಅಷ್ಟರಲ್ಲಿ ಪಕ್ಕದ ಪಾತ್ರೆ ಅಂಗಡಿಯವರು ಬಂದು, “ಮಾಸ್ತರ್, ನಮ್ದೂ ಒಂದ್ ಸ್ವಲ್ಪ ನೋಡ್ತೀರೇನು?” ಎಂದು ಮಡಚಿದ ಕಾಗದವನ್ನು ಮುಂದಿಟ್ಟರು. ಇಶಾದ ಅಝಾನ್ ಆಗುವವರೆಗೂ ನಾವು ಅಲ್ಲಿಯೇ ಕುಳಿತಿದ್ದೆವು. ನಿಮ್ಮ ಮನೆಯ ಕಪಾಟಿನಲ್ಲೂ ಅಂಥದೊಂದು ಕಾಗದ ಇದ್ದೀತು. ಇಂದು ರಾತ್ರಿ ತೆಗೆದು ಓದಿ.